‘ನಮ್ಮನೆಗೆ ನೆಂಟರು ಬಂದರೆ ಸರ್ಕಾರಕ್ಕೇನು?’

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗಿ, ಇಲ್ಲವೇ ಸೋಮವಾರಪೇಟೆಯಿಂದ ಮಡಿಕೇರಿಗೆ. ಹೋಂಸ್ಟೇ ಬೋರ್ಡು ಕಾಣದ ತಿರುವು ಅಪರೂಪ. ಕಾಫಿ ಬೆಲೆ ನೆಲ ಕಚ್ಚಿದ್ದ ವರ್ಷಗಳಲ್ಲಿ ಎಷ್ಟೋ ಬೆಳೆಗಾರರ ಕೈ ಹಿಡಿದದ್ದು ಈ ಬೋರ್ಡೇ. ಆದರೆ ಅದರ ಕಾನೂನಿನ ಬಗ್ಗೆ ತೋಟದವರಲ್ಲಿ, ಬೆಂಗಳೂರಿನಿಂದ ಬಂದು ಹಳೇ ಮನೆ ಲೀಸಿಗೆ ಹಿಡಿದವರಲ್ಲಿ ಓಡಾಡುವ ಮಾತುಗಳನ್ನು ಕೇಳಿಸಿಕೊಂಡರೆ ನಿಜವೂ ಸುಳ್ಳೂ ಕಲಸಿಹೋಗಿರುವುದು ಗೊತ್ತಾಗುತ್ತದೆ. ಪೂರ್ತಿ ಸುಳ್ಳನ್ನು ಯಾರೂ ನಂಬುವುದಿಲ್ಲ. ಜನರನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ಅರ್ಧ ನಿಜವೇ.

“ಮನೆಯೊಂದನ್ನು ದಿನದ ಬಾಡಿಗೆಗೆ ಕೊಟ್ಟರೆ ಅದೇ ಹೋಂಸ್ಟೇ.”

ಅಲ್ಲ. ಹೋಂಸ್ಟೇ ಎನ್ನಿಸಿಕೊಳ್ಳಲು ಅಲ್ಲಿ ಮನೆಯವರು ಇರಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾರ್ಗಸೂಚಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಮಾಲೀಕರು ಕುಟುಂಬದೊಂದಿಗೆ ಅದೇ ಜಾಗದಲ್ಲಿ ವಾಸವಿರಬೇಕು, ಅತಿಥಿಗಳಿಗೆ ಕೊಡುವ ಕೋಣೆ ಒಂದರಿಂದ ಆರು, ಹಾಸಿಗೆ ಹೆಚ್ಚೆಂದರೆ 12. ಸೌಕರ್ಯ ನೋಡಿ ಗೋಲ್ಡ್ ಅಥವಾ ಸಿಲ್ವರ್ ದರ್ಜೆ ಕೊಡುತ್ತಾರೆ. ಇಷ್ಟು ಸಣ್ಣ ಪ್ರಮಾಣದಲ್ಲಿ, ಮನೆಯವರ ಕಣ್ಣಳತೆಯಲ್ಲಿ ನಡೆಯುವ ವ್ಯವಹಾರವನ್ನು ಹೋಟೆಲಿನಂತೆ ಕಾಣದೆ ಮನೆಯಂತೆಯೇ ಕಾಣಬೇಕು ಎಂಬುದು ಈ ಯೋಜನೆಯ ಹಿಂದಿನ ವಾದ. ಹೋಂಸ್ಟೇಗಳಿಗೆ ಕೇಳುವ ರಿಯಾಯಿತಿಗಳೆಲ್ಲ ನಿಂತಿರುವುದು ಈ ಒಂದು ಕಾಲಿನ ಮೇಲೆ.

ಈಗ ನಡೆಯುತ್ತಿರುವುದೇನು? ಮಾಲೀಕರು ಬೆಂಗಳೂರಿನಲ್ಲಿ, ಕೀಲಿಕೈ ಮ್ಯಾನೇಜರ್ ಹತ್ತಿರ. ತೋಟದ ಲೈನ್ ಮನೆಗೆ ಟೈಲ್ಸ್ ಹಾಕಿ, ಮುಂದೊಂದು ಈಜುಕೊಳ ತೋಡಿ, ಹದಿನೈದು ಕೋಣೆಯ ಹೋಂಸ್ಟೇ. ಅದು ಲಾಡ್ಜು ಅಥವಾ ರೆಸಾರ್ಟು. ಅದರ ನಿಯಮಗಳೇ ಬೇರೆ. ಮಾಲೀಕರ ವಾಸದ ನಿಯಮ ಇಡೀ ಮಾರ್ಗಸೂಚಿಯಲ್ಲೇ ಅತಿ ವಿವೇಕದ್ದು, ಅತಿ ಹೆಚ್ಚು ಮುರಿಯಲ್ಪಡುವುದೂ ಅದೇ ಎಂಬುದು ನನ್ನ ಅಭಿಪ್ರಾಯ. ಮನೆಯವರು ಒಳಗಿದ್ದರೆ ರಾತ್ರಿ ಹನ್ನೆರಡಕ್ಕೆ ಸ್ಪೀಕರ್ ಆರಿಸಲು ಪೊಲೀಸರು ಬರಬೇಕಾಗಿಲ್ಲ. ಅಂದಹಾಗೆ, ತೋಟದ ನಡುವೆ ಹಾಡು ಹಾಕಿದರೆ ಕೇಳುವವರು ಯಾರು ಎನ್ನುವವರಿಗೆ ಒಂದು ಮಾತು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು ಎನ್ನುವ 2000ದ ಶಬ್ದಮಾಲಿನ್ಯ ನಿಯಮ ತೋಟಕ್ಕೂ ಅನ್ವಯಿಸುತ್ತದೆ.

“ಇಲಾಖೆಯ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಿದರೆ ಮುಗಿಯಿತು.”

ಹೆಚ್ಚು ಜನ ಎಡವುವುದು ಇಲ್ಲೇ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕೇ ಬೇಕು, ಆದರೆ ಅದು ಬೇರೆ ಇಲಾಖೆಗಳ ಪರವಾಗಿ ಮಾತಾಡುವುದಿಲ್ಲ. ವಹಿವಾಟಿಗೆ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಪರವಾನಗಿ, ಅಡುಗೆ ಮಾಡಿ ಬಡಿಸಿದರೆ ಆಹಾರ ಸುರಕ್ಷತೆಯ ನೋಂದಣಿ, ತೆರಿಗೆಗೆ ಅದರದೇ ಲೆಕ್ಕ. ಇವೆಲ್ಲಕ್ಕೂ ಮೊದಲು, ಮನೆ ನಿಂತಿರುವ ನೆಲ ಯಾವುದು ಎಂಬ ಪ್ರಶ್ನೆ.

ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ವಿರೂಪಾಪುರ ಗಡ್ಡೆಯೇ ಸಾಕ್ಷಿ. ಹಂಪಿಯಿಂದ ತುಂಗಭದ್ರೆ ದಾಟಿದರೆ ಸಿಗುವ, ಗಂಗಾವತಿ ಕಡೆಯ ಈ ನಡುಗಡ್ಡೆಯ ಗದ್ದೆಗಳಲ್ಲಿ ಗೆಸ್ಟ್‌ಹೌಸು, ಹೋಟೆಲುಗಳು ಎದ್ದವು. ವಿದೇಶಿಯರು ‘ಹಿಪ್ಪಿ ದ್ವೀಪ’ ಎಂದು ಕರೆದರು, ವ್ಯಾಪಾರ ಚೆನ್ನಾಗಿಯೇ ನಡೆಯಿತು. ಆದರೆ 1961ರ ಪುರಾತನ ಸ್ಮಾರಕಗಳ ರಾಜ್ಯ ಕಾಯ್ದೆಯಡಿ 1988ರಲ್ಲೇ ಹಂಪಿ ಮತ್ತು ಸುತ್ತಲಿನ ಹಳ್ಳಿಗಳು ಸಂರಕ್ಷಿತ ಪ್ರದೇಶವೆಂದು ಅಧಿಸೂಚನೆಯಾಗಿತ್ತು. ಅಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿರಲಿಲ್ಲ. ಸಂರಕ್ಷಣೆ ಸ್ಮಾರಕಗಳಿಗೆ ಮಾತ್ರ, ಊರಿಗಲ್ಲ ಎಂಬ ಮಾಲೀಕರ ವಾದ ನಿಲ್ಲಲಿಲ್ಲ. ಹೈಕೋರ್ಟ್ 2015ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ವರ್ಷಾನುಗಟ್ಟಲೆ ಯಾರೂ ತಡೆಯದೆ ನಡೆದ ವ್ಯಾಪಾರ ಎಂಬುದು ನ್ಯಾಯಾಲಯದ ಮುಂದೆ ವಾದವೇ ಆಗಲಿಲ್ಲ.

ಹಂಪಿ ವಿಶೇಷ ಪ್ರಕರಣ, ನಮ್ಮದು ಮಾಮೂಲಿ ಜಮೀನು ಎಂದರೂ ತಪ್ಪಿಸಿಕೊಳ್ಳುವಂತಿಲ್ಲ. ಕೃಷಿ ಜಮೀನಿನಲ್ಲಿ ರೈತ ತನಗಾಗಿ ತೋಟದ ಮನೆ ಕಟ್ಟಿಕೊಳ್ಳಲು ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತದೆ, ಹಿಡುವಳಿಯ ಶೇ 10ರ ಮಿತಿಯೊಳಗೆ. ಜನ ಇಷ್ಟನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಆ ಮನೆ ರೈತನ ವಾಸಕ್ಕೆ, ಉಪಕರಣ ಇಡಲು, ದನ ಕಟ್ಟಲು. ವಾಣಿಜ್ಯ ಉದ್ದೇಶಕ್ಕೆ ಬಾಡಿಗೆಗೆ ಕೊಡುವಂತಿಲ್ಲ ಎಂಬ ಮಾತೂ ಅಲ್ಲೇ ಇದೆ. ಅಂದರೆ ಕನ್ವರ್ಷನ್ ಆಗದ ಜಮೀನಿನಲ್ಲಿ ‘ಫಾರ್ಮ್ ಹೌಸ್’ ಎಂದು ಕಟ್ಟಿ, ಮರುವರ್ಷ ಅದನ್ನೇ ಆ್ಯಪಿನಲ್ಲಿ ‘ಫಾರ್ಮ್ ಸ್ಟೇ’ ಎಂದು ಏರಿಸುವವರು ಗುಂಡಿಯ ಮೇಲೆ ಚಾಪೆ ಹಾಸಿ ಕೂತಂತೆ. ಜಮೀನು ಕೊಳ್ಳುವಾಗ ಬ್ರೋಕರ್ ‘ಇಲ್ಲಿ ಹೋಂಸ್ಟೇ ಮಾಡಬಹುದು ಸಾರ್’ ಎಂದರೆ, ಯಾವ ಆದೇಶದ ಪ್ರಕಾರ ಎಂದು ಕೇಳಿ ನೋಡಿ.

ಬೆಂಗಳೂರಿನ ಫ್ಲ್ಯಾಟ್‌ಗಳದ್ದು ಇನ್ನೊಂದು ಕತೆ. “ಫ್ಲ್ಯಾಟು ನನ್ನದು, ದಿನದ ಲೆಕ್ಕದಲ್ಲಿ ಕೊಡುತ್ತೇನೆ, ಅಸೋಸಿಯೇಷನ್‌ನವರು ಯಾರು ಕೇಳಲು?” 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬರುವ ಸಮುಚ್ಚಯದಲ್ಲಿ ಘೋಷಣಾ ಪತ್ರಕ್ಕೂ ಬೈಲಾಕ್ಕೂ ಪ್ರತಿಯೊಬ್ಬ ಮಾಲೀಕ ಬದ್ಧ. ವಾಸಕ್ಕೆ ಮಾತ್ರ ಎಂದು ಅದರಲ್ಲಿದ್ದರೆ ಕೇಳುವ ಹಕ್ಕು ಅವರಿಗಿದೆ.

“ಮದುವೆಯಾಗದ ಜೋಡಿಗೆ ರೂಮ್ ಕೊಡುವುದು ಅಪರಾಧ.”

ಇಂಥ ಕಾನೂನೇ ಇಲ್ಲ. ಕೊಯಮತ್ತೂರಿನಲ್ಲಿ ಅವಿವಾಹಿತ ಜೋಡಿ ತಂಗಿದ್ದರು, ಒಂದು ಕೋಣೆಯಲ್ಲಿ ಮದ್ಯದ ಬಾಟಲಿ ಸಿಕ್ಕಿತು ಎಂದು ಅಧಿಕಾರಿಗಳು ಸರ್ವಿಸ್ ಅಪಾರ್ಟ್‌ಮೆಂಟೊಂದಕ್ಕೆ ಬೀಗ ಜಡಿದಿದ್ದರು. 2019ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಆ ಬೀಗ ತೆಗೆಸಿತು. ಇಬ್ಬರು ವಯಸ್ಕರು ಮದುವೆಯಾಗದೆ ಒಂದು ಕೋಣೆಯಲ್ಲಿ ಇರುವುದನ್ನು ನಿಷೇಧಿಸುವ ಕಾನೂನಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ತೀರ್ಪು ತಮಿಳುನಾಡಿನದಾದರೂ ಅಪರಾಧದ ಕಾನೂನು ಗಡಿಯಾಚೆ ಒಂದು, ಈಚೆ ಒಂದು ಇರುವುದಿಲ್ಲ. ‘ದಂಪತಿಗೆ ಮಾತ್ರ’ ಎಂದು ಮನೆಯವರು ತಮ್ಮ ನಿಯಮ ಹಾಕಿಕೊಳ್ಳುವುದು ಬೇರೆ ಮಾತು. ಅದನ್ನು ಸರ್ಕಾರದ ತಲೆಗೆ ಕಟ್ಟುವುದು ತಪ್ಪು. ಕಾನೂನಿಗೆ ಬೇಕಾದದ್ದು ಬಂದವರು ಯಾರೆಂಬ ದಾಖಲೆ: ಹೆಸರು, ವಿಳಾಸ, ಗುರುತಿನ ಚೀಟಿ, ಬಂದ ಮತ್ತು ಹೋದ ಹೊತ್ತು. ವಿಚಿತ್ರವೆಂದರೆ, ಮದುವೆಯ ಫೋಟೊ ಕೇಳುವ ಎಷ್ಟೋ ಕಡೆ ಈ ರಿಜಿಸ್ಟರೇ ಸರಿಯಾಗಿರುವುದಿಲ್ಲ.

ವಿದೇಶಿಯರ ವಿಷಯದಲ್ಲಂತೂ ಸಡಿಲಿಕೆಯಿಲ್ಲ. ಎಲ್ಲರ ಬಾಯಲ್ಲಿ ‘ಸಿ ಫಾರ್ಮ್’ ಎಂದೇ ಉಳಿದಿರುವ ಮಾಹಿತಿಯನ್ನು ಅವರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಹೊಣೆ ಮಾತ್ರ ಹಾಗೇ ಇದೆ, ದೊಡ್ಡ ಹೋಟೆಲಿಗೂ ಎರಡು ಕೋಣೆಯ ಮನೆಗೂ ಒಂದೇ. ಇಲ್ಲೊಂದು ಸಿಕ್ಕು ಇದೆ. ‘ಅವರು ಹಾಸನದವರೇ, ಅಮೆರಿಕದಲ್ಲಿದ್ದಾರೆ ಅಷ್ಟೆ’ ಎಂದು ಬಿಟ್ಟುಬಿಡುತ್ತಾರೆ. ನೋಡಬೇಕಾದದ್ದು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ದುಡಿಯುವವರು ವಿದೇಶಿಯರಲ್ಲ. ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಿದರೂ ಅಮೆರಿಕದ ಪೌರರಾದವರು ಕಾನೂನಿನ ಲೆಕ್ಕಕ್ಕೆ ವಿದೇಶಿಯರೇ.

“ಮನೆಯಲ್ಲೇ ಮಾಡಿದ ವೈನ್, ಅದಕ್ಕೇಕೆ ಲೈಸೆನ್ಸ್?”

ಕೊಡಗಿನಲ್ಲಿ ಈ ಮಾತು ಜೋರು. ದ್ರಾಕ್ಷಿಯದ್ದೋ ಶುಂಠಿಯದ್ದೋ, ಹುದುಗು ಬರಿಸಿದ ಮದ್ಯವನ್ನು ಲೈಸೆನ್ಸ್ ಇಲ್ಲದೆ ಹಣಕ್ಕೆ ಮಾರುವುದು ಅಬಕಾರಿ ಕಾಯ್ದೆಯಡಿ ಅಪರಾಧ. ಬಿಲ್ಲಿನಲ್ಲಿ ‘ವಿಶೇಷ ಪಾನೀಯ’ ಎಂದು ಬರೆದರೂ ಅಷ್ಟೇ. ಹೋಂಸ್ಟೇ ನೋಂದಣಿಯಿಂದ ಮದ್ಯ ಮಾರುವ ಹಕ್ಕು ಬರುವುದಿಲ್ಲ.

“ತೋಟದ ಆದಾಯಕ್ಕೆ ತೆರಿಗೆಯಿಲ್ಲ, ಉಳಿದದ್ದನ್ನು ಆ್ಯಪಿನವರು ನೋಡಿಕೊಳ್ಳುತ್ತಾರೆ.”

ಒಂದೇ ಉಸಿರಿನಲ್ಲಿ ಎರಡು ತಪ್ಪು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದು ನಿಜ. ಆದರೆ ತೋಟದ ಮಧ್ಯೆ ಮನೆಯಿದೆ ಎಂಬ ಕಾರಣಕ್ಕೆ ಅತಿಥಿಗಳು ಕೊಟ್ಟ ಹಣ ಕಾಫಿ ಮಾರಿದ ಹಣವಾಗುವುದಿಲ್ಲ. ಕಟ್ಟಡವನ್ನು ವಾಸಕ್ಕೋ ವ್ಯಾಪಾರಕ್ಕೋ ಬಾಡಿಗೆಗೆ ಕೊಟ್ಟು ಬಂದ ಆದಾಯ ಕೃಷಿ ಆದಾಯವಲ್ಲ ಎಂದು ಆದಾಯ ತೆರಿಗೆ ಕಾನೂನು ಬಿಡಿಸಿಯೇ ಹೇಳಿದೆ. ಊಟ, ತಿಂಡಿ, ಟ್ರೆಕ್ಕಿಂಗ್ ಸೇರಿಸಿ ಕೊಟ್ಟರೆ ಅದು ವ್ಯವಹಾರದ ಆದಾಯದ ಹತ್ತಿರ ಹೋಗುತ್ತದೆ. ಖರ್ಚು ಕಳೆಯಬಹುದು, ಆದರೆ ಲೆಕ್ಕಪತ್ರ ಇರಬೇಕು.

ಜಿಎಸ್‌ಟಿಯದ್ದು ಸ್ವಲ್ಪ ಸೂಕ್ಷ್ಮ. ಕರ್ನಾಟಕದಲ್ಲಿ ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಅದರೊಳಗಿದ್ದು ನೋಂದಣಿ ಇಲ್ಲದ ಮನೆಯವರು ಆ್ಯಪಿನ ಮೂಲಕ ಕೋಣೆ ಕೊಟ್ಟರೆ ಆ ಬುಕಿಂಗಿನ ಜಿಎಸ್‌ಟಿ ಕಟ್ಟುವ ಹೊಣೆ ಆ್ಯಪಿನದು. ಇಷ್ಟು ಸತ್ಯ. ಆದರೆ 20 ಲಕ್ಷದ ಲೆಕ್ಕಕ್ಕೆ ಫೋನಿನಲ್ಲಿ, ವಾಟ್ಸ್‌ಆ್ಯಪಿನಲ್ಲಿ ಬಂದ ಬುಕಿಂಗ್‌ಗಳೂ ಸೇರುತ್ತವೆ. ಪೇಟೆಯಲ್ಲಿ ಅದೇ ಪ್ಯಾನ್ ಹೆಸರಿನಲ್ಲಿರುವ ಅಂಗಡಿಯ ಬಾಡಿಗೆಯೂ ಸೇರುತ್ತದೆ. ಮಿತಿ ದಾಟಿದ ಮೇಲೆ ತೆರಿಗೆ ಕಟ್ಟುವವರು ನೀವೇ. ‘ದಿನಕ್ಕೆ ಸಾವಿರ ರೂಪಾಯಿಯೊಳಗಿನ ಕೋಣೆಗೆ ಜಿಎಸ್‌ಟಿ ಇಲ್ಲ’ ಎಂಬ ಹಳೇ ವಿನಾಯಿತಿಯನ್ನು ಈಗಲೂ ನಂಬಿಕೊಂಡವರಿದ್ದಾರೆ. ಅದು 2022ರ ಜುಲೈ 18ಕ್ಕೇ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18.

“‘ನಿಮ್ಮ ಸ್ವಂತ ಜವಾಬ್ದಾರಿ’ ಎಂದು ಬರೆದು ಹಾಕಿದ್ದೇವಲ್ಲ!”

2024ರ ನವೆಂಬರ್‌ನಲ್ಲಿ ಉಳ್ಳಾಲದ ಬಳಿಯ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತಾಗ ಮಾಲೀಕರನ್ನೂ ಮ್ಯಾನೇಜರನ್ನೂ ಪೊಲೀಸರು ಬಂಧಿಸಿದರು. ಹಣ ಪಡೆದು ಸೌಲಭ್ಯ ಕೊಟ್ಟ ಮೇಲೆ ಅದನ್ನು ಸುರಕ್ಷಿತವಾಗಿಡುವ ಹೊಣೆಯನ್ನು ಗೋಡೆಯ ಬರಹ ಕಳಚಿಹಾಕುವುದಿಲ್ಲ. ಕೊಳದಲ್ಲಿ ಆಳ ಎಲ್ಲಿ ಶುರುವಾಗುತ್ತದೆ ಎಂಬ ಗುರುತು, ಕೈಗೆ ಸಿಗುವಂತೆ ಟ್ಯೂಬು ಮತ್ತು ಹಗ್ಗ, ನೋಡಿಕೊಳ್ಳಲು ಒಬ್ಬ ಮನುಷ್ಯ ಇರಬೇಕು. ಇದಕ್ಕಿಂತ ಸದ್ದಿಲ್ಲದ ಅಪಾಯ ಬಚ್ಚಲುಮನೆಯದ್ದು. ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿದರೆ ವಾಸನೆಯಾಗಲಿ ಬಣ್ಣವಾಗಲಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಗೀಸರನ್ನೂ ಸಿಲಿಂಡರನ್ನೂ ಹೊರಗೋಡೆಗೆ ಇಟ್ಟು, ಬಿಸಿನೀರಿನ ಪೈಪ್ ಮಾತ್ರ ಒಳಗೆ ತರಬೇಕು. ಮನೆಗೆ ಮಾಡಿಸಿದ ವಿಮೆ ಇದಕ್ಕೆಲ್ಲ ಆಗುತ್ತದೆ ಎಂದುಕೊಂಡಿದ್ದರೆ ಪಾಲಿಸಿ ತೆಗೆದು ಓದಿ. ವಾಸದ ಮನೆಗೆಂದು ಮಾಡಿಸಿದ ವಿಮೆ ಹಣ ಕೊಟ್ಟು ತಂಗಿದ ಅತಿಥಿಗೆ ಆದ ಅನಾಹುತಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆಯನ್ನು ಬೇರೆಯೇ ಮಾಡಿಸಬೇಕು.