ಸೆರಗಿನಡಿಯ ದೂಳು

ಪ್ರಶ್ನೆ: ಹೊಸ ಕನ್ನಡಕವನ್ನು ಮೆತ್ತನೆಯ ಹತ್ತಿ ಸೆರಗಿನಿಂದಲೇ ಒರೆಸುತ್ತೇನೆ. ಆದರೂ ಗೀರು ಬೀಳುವುದೇಕೆ?

ಉತ್ತರ: ಸೆರಗಿನ ನೂಲು ಮೆದುವೇ, ಅದರಡಿ ಸಿಕ್ಕಿಕೊಂಡ ದೂಳು ಗಡಸು. ಬೀದಿಯ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚು 7, ಕಿಟಕಿ ಗಾಜು ಸುಮಾರು 5.5, ಇಂದಿನ ಪ್ಲಾಸ್ಟಿಕ್ ಲೆನ್ಸ್ ಅದಕ್ಕಿಂತ ಬಹಳ ಮೆದು. ಒಣ ಲೆನ್ಸನ್ನು ಉಜ್ಜಿದರೆ ಆ ಕಣಗಳು ಕೆರೆಯದೆ ಬಿಡುವುದಿಲ್ಲ. ಹಿಂದಿನವರೂ ಪಂಚೆಯ ಅಂಚಿನಲ್ಲೇ ಒರೆಸುತ್ತಿರಲಿಲ್ಲವೇ ಎನ್ನಬಹುದು. ಅವರದು ನಿಜವಾದ ಗಾಜು, ಹೆಚ್ಚು ತಡೆದುಕೊಳ್ಳುತ್ತಿತ್ತು. ಗೀರು ತಡೆಯುವ ಲೇಪನವಿದೆಯಲ್ಲ ಎಂದರೆ, ಅದು ಗೀರನ್ನು ಕಡಿಮೆ ಮಾಡೀತೇ ಹೊರತು ಪೂರ್ತಿ ತಪ್ಪಿಸದು. ಆದ್ದರಿಂದ ಮೊದಲು ನಲ್ಲಿಯಡಿ ಹಿಡಿದು ದೂಳು ಹರಿದುಹೋಗಲು ಬಿಡಿ. ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಬೆರಳಿನಿಂದ ಸವರಿ, ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬಿಸಿನೀರು ಮಾತ್ರ ಖಂಡಿತ ಬೇಡ: ಪ್ಲಾಸ್ಟಿಕ್ ಹಿಗ್ಗಿದಷ್ಟು ಲೇಪನ ಹಿಗ್ಗದೆ ಬಿರುಕು ಬಿಡಬಹುದು.