ಕರಿಯಕ್ಷರದ ಅಂದ

ಆಳಂದ, ಅಫಜಲಪುರ, ಜೇವರ್ಗಿಗಳ ಗೃಹಸ್ಥರು ಬಾಗಿಲ ಹಲಗೆಗೋ ದಿಂಬಿನ ಗವುಸಿಗೋ ಲಗ್ನಪತ್ರಿಕೆಗೋ ಇಂಗ್ಲಿಷಿನಲ್ಲಿ ಹೆಸರು ಬರೆಸುವಾಗ ‘ಬ್ಲಾಕ್‌ಲೆಟರ್’ ಎಂಬ ಕರಿಯಕ್ಷರವನ್ನು ಅಪೇಕ್ಷಿಸುವುದುಂಟು. ಸುಮಾರು 1455ರಲ್ಲಿ ಗುಟೆನ್‌ಬರ್ಗನು ಬೈಬಲನ್ನು ಅಚ್ಚುಮಾಡಿದುದು ಈ ದಟ್ಟವಾದ, ಮೂಲೆಮೂಲೆಯಾದ ಅಕ್ಷರಗಳಿಂದಲೇ. ನೋಟಕ್ಕೆ ಗಂಭೀರವಾದುದು, ನಿಜ. ಆದರೆ ಓದುವವರ ಪಾಡನ್ನೂ ನೋಡಬೇಡವೆ? ‘ಮುನ್ನಿ’ ಎಂಬ ಮಗುವಿನ ಹೆಸರನ್ನು ಅದರಲ್ಲಿ ಬರೆದು ನೋಡಿರಿ. ಮೊದಲ ದೊಡ್ಡಕ್ಷರವನ್ನು ಬಿಟ್ಟರೆ ಉಳಿಯುವುದು ಹೆಚ್ಚುಕಡಮೆ ಒಂದೇ ತೆರನಾಗಿ ನಿಂತ ಏಳು ಗೀರುಗಳು. ಹೆಸರು ಹೋಗಿ ಬೇಲಿಯಾಯಿತು! ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಸಿದರಂತೂ ಅಂಚೆಯವನೂ ಓದಲಾರನು. ಆದುದರಿಂದ ಶಿರೋನಾಮೆಗೋ ಮೊದಲಕ್ಷರಕ್ಕೋ ಮಾತ್ರ ಅದನ್ನಿಟ್ಟು, ಮುಹೂರ್ತ ವಿಳಾಸಗಳನ್ನು ಸರಳಾಕ್ಷರದಲ್ಲಿ ಅಚ್ಚುಹಾಕಿಸತಕ್ಕದ್ದು. ಕೈಯಿಂದ ಬರೆಯುವವರು ತುದಿಯನ್ನು ಅಗಲವಾಗಿ ಕೊಯ್ದ ಬಿದಿರಿನ ಕಲಮನ್ನು ಸುಮಾರು 45 ಅಂಶ ಓರೆಯಾಗಿ ಹಿಡಿದು, ಸಣ್ಣಕ್ಷರದ ಎತ್ತರವನ್ನು ಆ ತುದಿಯ ಅಗಲದ ಐದರಷ್ಟು ಇಡುವುದು ಲೇಸು.

ಕೆಲವರು ಕನ್ನಡದ ಅಕ್ಷರಗಳನ್ನೂ ಹೀಗೆಯೇ ಮುರಿದು ಮೂಲೆಗೊಳಿಸುವರು. ಇದು ನನಗೆ ಸಮ್ಮತವಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರ ಸ್ವದೇಶವಾದ ಜರ್ಮನಿಯಲ್ಲಿ ಅಂದು ಪುಸ್ತಕಗಳು ಬಹುಮಟ್ಟಿಗೆ ಕರಿಯಕ್ಷರದಲ್ಲಿಯೇ ಅಚ್ಚಾಗುತ್ತಿದ್ದುವು. ಆದರೂ ಅವರು ಕಲ್ಲಚ್ಚಿನಲ್ಲಿ ಇಳಿಸಿದುದು ನಮ್ಮ ದುಂಡಕ್ಷರಗಳನ್ನೇ.