ಎಲೆ ತಿಂದರೆ ತಿನ್ನಲಿ ಬಿಡಿ

ಒಗ್ಗರಣೆಗೆಂದು ಹಿತ್ತಲಿನ ಕರಿಬೇವು ಕೀಳಲು ಹೋಗುತ್ತೀರಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತಹ ಕಲೆ. ಒರೆಸಲು ಹೋದರೆ ಅದು ಅಲುಗಾಡುತ್ತದೆ! 'ಅಯ್ಯೋ, ಹುಳ!' ಎಂದು ರೆಂಬೆಯನ್ನೇ ಮುರಿದು ಎಸೆಯುತ್ತೀರಿ. ಇಲ್ಲವೇ ಅಂಗಡಿಯಿಂದ ಔಷಧಿ ತರಿಸಿ ಸಿಂಪಡಿಸುತ್ತೀರಿ. ಅದೇ ಸಂಜೆ ಮಗು ಬಂದು, "ಅಮ್ಮೀ, ನಮ್ಮ ಮನೆಗೆ ಚಿಟ್ಟೆ ಯಾಕೆ ಬರೋದಿಲ್ಲ?" ಎಂದು ಕೇಳಿದರೆ ಏನು ಹೇಳುತ್ತೀರಿ? ಬೆಳಿಗ್ಗೆ ನೀವು ಎಸೆದದ್ದು ಚಿಟ್ಟೆಯ ಮರಿಯನ್ನೇ.

ಆ ಹುಳ ಕೆಲವು ದಿನಗಳಲ್ಲಿ ಹಸಿರಾಗುತ್ತದೆ, ಕೋಶ ಕಟ್ಟುತ್ತದೆ. ಆಮೇಲೆ ಹೊರಬರುವುದು ಕಪ್ಪು ರೆಕ್ಕೆಯ, ಬಿಳಿ ಚುಕ್ಕೆಗಳ ಸಾಲಿನ ದೊಡ್ಡ ಚಿಟ್ಟೆ. ಮೊಟ್ಟೆಯಿಂದ ರೆಕ್ಕೆಯವರೆಗೆ ಸುಮಾರು ಒಂದು ತಿಂಗಳು. ಅಷ್ಟರಲ್ಲಿ ನಾಲ್ಕಾರು ಎಲೆ ಹೋದರೂ ಗಿಡ ಮತ್ತೆ ಚಿಗುರುತ್ತದೆ.

ಹಕ್ಕಿ, ಚಿಟ್ಟೆ, ಅಳಿಲುಗಳು ಅಂಗಳಕ್ಕೆ ಬರಬೇಕೆಂದರೆ ಅವುಗಳಿಗೆ ತಿನ್ನಲು ಏನಾದರೂ ಇರಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಮರಿಗೆ ಉಣಿಸುವುದು ಹುಳುಗಳನ್ನೇ. ಹುಳುವಿಲ್ಲದ ಅಂಗಳದಲ್ಲಿ ಮರಿ ಬದುಕುವುದಿಲ್ಲ.

ನೆಲದ ಗಿಡವೇ ಏಕೆ?

ನರ್ಸರಿಯಿಂದ ತಂದ ವಿದೇಶಿ ಗಿಡ ಕಣ್ಣಿಗೆ ಚೆಂದ. ಆದರೆ ಚಿಟ್ಟೆಯ ಮರಿ ಸಿಕ್ಕ ಎಲೆಯನ್ನೆಲ್ಲ ತಿನ್ನುವುದಿಲ್ಲ. ತಲೆತಲಾಂತರದಿಂದ ಒಗ್ಗಿದ ಗಿಡವೇ ಅದಕ್ಕೆ ಬೇಕು. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಎಂಬ ಚಿಟ್ಟೆಯಿದೆ. ಅಲ್ಲಿನವರು ಅಲಂಕಾರಕ್ಕೆಂದು ದಕ್ಷಿಣ ಅಮೆರಿಕದ ಒಂದು ಬಳ್ಳಿ ಬೆಳೆಸಿದರು. ಅದು ತನ್ನ ಬಳ್ಳಿಯ ಸಂಬಂಧಿಯಾದ್ದರಿಂದ ಚಿಟ್ಟೆ ಮೋಸಹೋಗಿ ಅದರ ಮೇಲೆ ಮೊಟ್ಟೆಯಿಟ್ಟಿತು. ಎಲೆ ತಿಂದ ಮರಿಗಳು ವಿಷವೇರಿ ಸತ್ತವು.

ನಮ್ಮ ಲಂಟಾನವೂ ಅಮೆರಿಕದಿಂದ ಬಂದದ್ದೇ. ಹೂವಿಗೆ ಚಿಟ್ಟೆ ಬರುತ್ತವೆ, ನಿಜ. ಆದರೆ ಅದು ಬೇಲಿ ದಾಟಿ ಹಬ್ಬಿ ಬೇರೆ ಗಿಡಗಳನ್ನು ಅಡಗಿಸುತ್ತದೆ. ಎಲೆ ತಿಂದ ದನಕರುಗಳಿಗೂ ಕೇಡು.

ಊರಿಗೊಂದು ಗಿಡ

ಹಾಸನ ಜಿಲ್ಲೆಯ ಈ ಮೂರು ಊರುಗಳು ಹತ್ತಿರದಲ್ಲಿದ್ದರೂ ಮಣ್ಣು, ಮಳೆ ಬೇರೆ ಬೇರೆ. ನೆರೆಯೂರಿನ ಗಿಡ ನಿಮ್ಮಲ್ಲಿ ಒಣಗಿತೆಂದು ಬೇಸರಿಸಬೇಡಿ.

ಅರಸೀಕೆರೆ ಬಯಲುಸೀಮೆ. ಇಲ್ಲಿಗೆ ತಂಗಡಿ, ಹೊಂಗೆ, ಕಕ್ಕೆ, ಬೇವು ಸರಿ. ತಂಗಡಿಯ ಹಳದಿ ಹೂವಿಗೆ ಕಪ್ಪು ದುಂಬಿ ಗುಂಯ್‌ಗುಡುತ್ತಾ ಬಂದು ಪರಾಗ ಉದುರಿಸಿಕೊಳ್ಳುವುದನ್ನು ಮಕ್ಕಳಿಗೆ ತೋರಿಸಿ. ಬೇಲಿಗೆ ಮೆಹಂದಿ (ಗೋರಂಟಿ) ಹಾಕಿ. ಹಬ್ಬಕ್ಕೆ ಕೈಗೆ ಎಲೆ, ಜೇನಿಗೆ ಹೂ.

ಹಳೇಬೀಡಿನಲ್ಲಿ ದ್ವಾರಸಮುದ್ರ ಕೆರೆಯಿದೆ. ಕೆರೆಯ ಸುತ್ತಮುತ್ತ ಹಿತ್ತಲು ದೊಡ್ಡದಿದ್ದರೆ ನೇರಳೆ, ಅತ್ತಿ ನೆಡಿ. ಅತ್ತಿಹಣ್ಣಿಗೆ ಕೋಗಿಲೆ, ಪಿಕಳಾರ, ಕುಟ್ರುಹಕ್ಕಿಗಳು ಬರುತ್ತವೆ. ಬೇರು ಬಲವಾದ್ದರಿಂದ ಅತ್ತಿಯನ್ನು ಗೋಡೆಯಿಂದ ದೂರ ನೆಡಬೇಕು.

ಬೇಲೂರು ಮಲೆನಾಡಿನ ಅಂಚು. ಇಲ್ಲಿ ಕೇಪಳ, ನಿಂಬೆ, ಈಶ್ವರಿ ಬಳ್ಳಿ ಚೆನ್ನಾಗಿ ಬರುತ್ತವೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿಯ ಜಾತಿಯ ಮೇಲೆಯೇ. ಆದರೆ ಎಚ್ಚರ! ಹಾವಿನ ವಿಷಕ್ಕೆ ಮದ್ದೆಂದು ಈ ಬಳ್ಳಿಯ ಬೇರನ್ನು ಯಾರೂ ಸೇವಿಸಬಾರದು. ಅದರಲ್ಲಿರುವ ಅಂಶ ಮೂತ್ರಪಿಂಡವನ್ನೇ ಕೆಡಿಸುತ್ತದೆ.

ಇನ್ನೊಂದು ಮಾತು. ಬೇಲೂರಿನ ಕಡೆ ಕಾಫಿ ತೋಟದ ಬಳಿ ಮನೆಯಿರುವವರು ಮರದಲ್ಲಿ ಹಲಸು ಹಣ್ಣಾಗಲು ಬಿಡಬೇಡಿ. ನಾವು ಕರೆಯುತ್ತಿರುವುದು ಚಿಟ್ಟೆಯನ್ನು, ಆನೆಯನ್ನಲ್ಲ.

ಜಾಗವಿಲ್ಲವೇ? ಎರಡು ಕುಂಡ ಸಾಕು. ಒಂದರಲ್ಲಿ ಕರಿಬೇವು, ಇನ್ನೊಂದರಲ್ಲಿ ತುಂಬೆ. ಮಳೆ ಬಿದ್ದಾಗ ತಾನಾಗಿ ಹುಟ್ಟುವ ತುಂಬೆಯನ್ನು ನಾವು ಕಳೆಯೆಂದು ಕಿತ್ತುಹಾಕುತ್ತೇವೆ. ಆ ಪುಟ್ಟ ಬಿಳಿ ಹೂವಿಗೆ ಜೇನು, ಚಿಟ್ಟೆ ಎರಡೂ ಬರುತ್ತವೆ. ಎಕ್ಕವೂ ಚಿಟ್ಟೆಗೆ ಪ್ರಿಯ. ಆದರೆ ಅದರ ಹಾಲು ಕಣ್ಣಿಗೆ ಅಪಾಯ, ಮಕ್ಕಳಿರುವ ಮನೆಯಲ್ಲಿ ಬೇಡ.

ತೆಂಗಿಗೂ ಲಾಭ

'ಚಿಟ್ಟೆ ನೋಡಿ ಹೊಟ್ಟೆ ತುಂಬುತ್ತದೆಯೇ?' ಎಂದು ಮನೆಯ ಹಿರಿಯರು ಕೇಳಬಹುದು. ಅರಸೀಕೆರೆಯ ಮನೆಗಳಿಗೆ ತೆಂಗೇ ಆಧಾರ. ಆ ತೆಂಗನ್ನು ಕಾಡುವ ಕೀಡೆಗಳಲ್ಲಿ ಕಪ್ಪುತಲೆ ಹುಳು ಒಂದು. ಅದು ಗರಿಯ ಹಸಿರನ್ನು ಕೆರೆದು ತಿಂದು ಒಣಗಿಸುತ್ತದೆ. ಅದರ ವೈರಿ ಗೋನಿಯೋಜಸ್ ಎಂಬ, ಇರುವೆಯಷ್ಟು ಚಿಕ್ಕ ಕಣಜ. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ತೋಟಗಾರಿಕೆ ಇಲಾಖೆಯವರು ಈ ಕಣಜವನ್ನು ಪ್ರಯೋಗಾಲಯದಲ್ಲಿ ಜೇನು ಉಣಿಸಿ ಸಾಕಿ ತೋಟಕ್ಕೆ ಬಿಡುತ್ತಾರೆ. ಹಿತ್ತಲಿನಲ್ಲಿ ಹೂವಿದ್ದರೆ ಇಂತಹ ಕಣಜಗಳಿಗೆ ಮಕರಂದ ಸಿಗುತ್ತದೆ. ಅಲ್ಲಿ ವಿಷ ಹೊಡೆದರೆ ಹುಳುವಿಗಿಂತ ಮೊದಲು ಸಾಯುವುದು ಈ ಕಾವಲುಗಾರನೇ.

ಕರಿಬೇವಿಗೆ ಹೊಡೆದ ಔಷಧಿ ಕೊನೆಗೆ ಸೇರುವುದು ನಮ್ಮದೇ ಸಾರಿಗೆ, ಮಕ್ಕಳ ತಟ್ಟೆಗೆ ಎಂಬುದನ್ನೂ ನೆನಪಿಡಿ.

ನೀರು, ಬೆಕ್ಕು, ಪಂಜರ

ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ನಡುವೆ ಒಂದೆರಡು ಕಲ್ಲು ಹಾಕಿ. ಜೇನುಹುಳ ಕಲ್ಲಿನ ಮೇಲೆ ಕುಳಿತು ಮುಳುಗದೆ ನೀರು ಕುಡಿಯುತ್ತದೆ. ಎರಡು ದಿನಕ್ಕೊಮ್ಮೆ ತಟ್ಟೆ ಉಜ್ಜಿ ನೀರು ಬದಲಿಸಿ, ಇಲ್ಲವಾದರೆ ಡೆಂಗ್ಯೂ ಸೊಳ್ಳೆಗೆ ಮನೆ ಮಾಡಿಕೊಟ್ಟಂತೆ. ಮನೆಯಲ್ಲಿ ಬೆಕ್ಕಿದ್ದರೆ ತಟ್ಟೆಯನ್ನು ಪೊದೆಯ ಪಕ್ಕ ಇಡಬೇಡಿ. ಬಯಲಲ್ಲಿಟ್ಟರೆ ಹಕ್ಕಿಗೆ ಬೆಕ್ಕು ದೂರದಿಂದಲೇ ಕಾಣುತ್ತದೆ.

ಗಿಡಕ್ಕೆ ನೀರಿಲ್ಲವೆನ್ನುವ ಅಕ್ಕತಂಗಿಯರಿಗೊಂದು ಉಪಾಯ. ದಿನಕ್ಕೆ ಐದು ಹೊತ್ತು ಮನೆಮಂದಿ ವುಝೂ ಮಾಡಿದ ನೀರು ಮೋರಿಗೆ ಹೋಗುತ್ತದೆ. ಸಣ್ಣ ಕಾಲುವೆ ತೆಗೆದು ಅದನ್ನು ಗಿಡದ ಬುಡಕ್ಕೆ ತಿರುಗಿಸಿ. ಬೇಸಿಗೆಯಲ್ಲೂ ನಾಲ್ಕು ಗಿಡ ಹಸಿರಾಗಿರುತ್ತವೆ.

ಗಿಳಿಯ ಆಸೆಯಿದ್ದರೆ ಪಂಜರ ತರಬೇಡಿ. ನಮ್ಮ ನಾಡಿನ ಗಿಳಿಯನ್ನು ಕೂಡಿಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹಣ್ಣಿನ ಮರವಿದ್ದರೆ ಗಿಳಿ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ.

ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ ಅಥವಾ ಪಕ್ಷಿ ಏನು ತಿಂದರೂ ಅದು ನೆಟ್ಟವನ ಪಾಲಿಗೆ ಸದಕವಾಗುತ್ತದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಹಣ್ಣು ತಿಂದ ಹಕ್ಕಿಯನ್ನು ಓಡಿಸುವಾಗ, ಎಲೆ ತಿಂದ ಹುಳುವನ್ನು ಹೊಸಕುವಾಗ ನಮಗೆ ಇದು ನೆನಪಾಗುವುದೇ ಇಲ್ಲ.

ಜೂನ್‌ನಲ್ಲಿ ಮುಂಗಾರು ಇಳಿದೊಡನೆ ಮಗುವಿನ ಕೈಯಲ್ಲೇ ಒಂದು ಗಿಡ ನೆಡಿಸಿ. ಎಲೆಯಲ್ಲಿ ತೂತು ಕಂಡ ದಿನ ಮಗುವನ್ನು ಕರೆದು ತೋರಿಸಿ, "ನೋಡು, ನಮ್ಮ ಮನೆಗೆ ಅತಿಥಿ ಬಂದಿದ್ದಾರೆ" ಎಂದು ಹೇಳಿ.